ಕಾಯಕದ ಗಳಿಕೆ: ಎಷ್ಟು, ಹೇಗೆ, ಯಾರಿಗಾಗಿ?

ಅಂಗಡಿಯೊಂದನ್ನು ತೆರೆಯುವ ಮುನ್ನ ಗೃಹಸ್ಥನು ಅನೇಕ ವಿಷಯಗಳನ್ನು ವಿಚಾರಿಸುತ್ತಾನೆ. ಸ್ಥಳ ಎಂತಹುದು, ಬಾಡಿಗೆ ಎಷ್ಟು, ಬಂಡವಾಳಕ್ಕೆ ದಾರಿ ಯಾವುದು, ಸರಕು ಯಾರಲ್ಲಿ ಅಗ್ಗ, ಪೂಜೆಗೆ ಯಾವ ದಿನ ಒಳ್ಳೆಯದು ಎಂದು ಹತ್ತು ಜನರನ್ನು ಕೇಳಿ ತಿಳಿಯುತ್ತಾನೆ. ಆದರೆ ಈ ಅಂಗಡಿಯಿಂದ ತನಗೆ ಬೇಕಾದುದೇನು ಎಂಬ ಪ್ರಶ್ನೆಯನ್ನು ತನ್ನನ್ನು ತಾನೇ ಕೇಳಿಕೊಳ್ಳುವವರು ವಿರಳ. ಯಾರಾದರೂ ಕೇಳಿದರೆ ‘ಲಾಭ’ ಎಂಬ ಉತ್ತರವು ನಾಲಿಗೆಯ ತುದಿಯಲ್ಲಿಯೇ ಇರುತ್ತದೆ. ಲಾಭವು ಎಷ್ಟಿರಬೇಕು, ಯಾವ ರೀತಿಯಿಂದ ಬರಬೇಕು, ಬಂದ ಮೇಲೆ ಯಾರಿಗೆ ಸಲ್ಲಬೇಕು ಎಂದು ಮುಂದುವರಿದು ಕೇಳಿದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಬೇಕಾದುದು ಇಂಥದೆಂದು ಗೊತ್ತಿಲ್ಲದವನಿಗೆ ಸಾಕಾದುದು ಯಾವಾಗ ಎಂಬುದೂ ಗೊತ್ತಾಗುವುದಿಲ್ಲ. ಅಂತಹವನು ಅಂಗಡಿಯ ಒಡೆಯನೆನಿಸಿಕೊಂಡರೂ ಅಂಗಡಿಯ ಆಳಾಗಿಯೇ ಬಾಳುತ್ತಾನೆ.

ಇದು ಕೇವಲ ವ್ಯವಹಾರದ ವಿಷಯವಲ್ಲ, ಸಾಧನೆಯ ವಿಷಯವೂ ಅಹುದು. ಶರಣಧರ್ಮದಲ್ಲಿ ದುಡಿಮೆಗೂ ಪೂಜೆಗೂ ನಡುವೆ ಗೋಡೆಯಿಲ್ಲ. ಆದುದರಿಂದ ಅಂಗಡಿಯ ಗಾದಿಯ ಮೇಲೆ ಕುಳಿತಿರುವ ಭಕ್ತನ ಮನಸ್ಸು ಏನನ್ನು ಬಯಸುತ್ತಿದೆ ಎಂಬುದು, ಪೂಜಾಗೃಹದಲ್ಲಿ ಕುಳಿತಿರುವ ಅವನ ಮನಸ್ಸು ಏನನ್ನು ಬಯಸುತ್ತಿದೆ ಎಂಬುದರಷ್ಟೇ ಮಹತ್ತ್ವದ್ದು.

ಒಂದು ನಿದರ್ಶನ

ತಾಲೂಕು ಪಟ್ಟಣವೊಂದರ ಪೇಟೆಯಲ್ಲಿ ಕಿರಾಣಿ ಅಂಗಡಿಯನ್ನಿಟ್ಟುಕೊಂಡಿರುವ ಒಬ್ಬ ಗೃಹಸ್ಥನನ್ನು ನಿದರ್ಶನಕ್ಕಾಗಿ ಭಾವಿಸಬಹುದು. ಅವನ ವಯಸ್ಸು 48. ಅಂಗಡಿಯು ತಂದೆಯ ಕಾಲದ್ದು. ಬೆಳಗಿನ ಆರಕ್ಕೆ ಬಾಗಿಲು ತೆರೆದರೆ ಮುಚ್ಚುವುದು ರಾತ್ರಿ ಹತ್ತಕ್ಕೆ. ಮಧ್ಯಾಹ್ನ ನಾಲ್ಕು ತಾಸು ಮನೆಯಾಕೆಯು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತರೆ ಅವನು ಊಟ ಮುಗಿಸಿ ಸಗಟು ಪೇಟೆಗೆ ಹೋಗಿ ಬರುತ್ತಾನೆ. ಕೆಲಸಕ್ಕೆ ಹನ್ನೊಂದು ವರ್ಷಗಳಿಂದ ಇರುವ ಒಬ್ಬ ಆಳಿದ್ದಾನೆ. ಒಬ್ಬನೇ ಮಗನು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾನೆ.

ಹೊಸ ಬಸ್‌ನಿಲ್ದಾಣದ ಬಳಿ ಒಂದು ಮಳಿಗೆ ಖಾಲಿಯಾಗಿದೆ. ಎರಡನೆಯ ಅಂಗಡಿಯನ್ನು ತೆರೆದರೆ ಸರಕನ್ನು ಉದ್ದರಿಯಾಗಿ ಕೊಡುವೆನೆಂದು ಸಗಟು ವ್ಯಾಪಾರಿ ಹೇಳಿದ್ದಾನೆ. ಹತ್ತು ಲಕ್ಷ ರೂಪಾಯಿ ಸಾಲಕ್ಕೆ ಬ್ಯಾಂಕೂ ಒಪ್ಪಿದೆ. ಎದುರು ಸಾಲಿನ ವ್ಯಾಪಾರಿಗೆ ಎರಡು ಅಂಗಡಿಗಳಿವೆ. ‘ನಿಮಗೇನು ಕಡಿಮೆ?’ ಎಂದು ಪೇಟೆಯವರು ಹುರಿದುಂಬಿಸುತ್ತಾರೆ. ಗೃಹಸ್ಥನಿಗೆ ನಿದ್ರೆಯಿಲ್ಲ. ಒಂದು ರಾತ್ರಿ ಮನೆಯಾಕೆಯು, “ಈ ಎರಡನೆಯ ಅಂಗಡಿ ಬೇಕಾದುದು ಯಾರಿಗೆ?” ಎಂದು ಕೇಳುತ್ತಾಳೆ. ಅವನಿಗೆ ತಟ್ಟನೆ ಉತ್ತರ ಹೊಳೆಯುವುದಿಲ್ಲ.

ಆ ಪ್ರಶ್ನೆಯು ಎಂಟು ಶತಮಾನಗಳಿಗೂ ಹಿಂದೆ ಕಲ್ಯಾಣದ ಒಂದು ಗುಡಿಸಲಿನಲ್ಲಿ ಕೇಳಿದ ಪ್ರಶ್ನೆಯ ಮರುದನಿ. ಅದಕ್ಕೆ ಉತ್ತರವನ್ನು ಹುಡುಕುವ ಮೊದಲು ಶರಣರು ಗಳಿಕೆಯನ್ನು ಹೇಗೆ ಕಂಡರೆಂಬುದನ್ನು ಅರಿಯುವುದು ಯುಕ್ತ.

ಶರಣರು ಗಳಿಕೆಯನ್ನು ಹಳಿಯಲಿಲ್ಲ

ವಿರಕ್ತಿಯನ್ನು ಬೋಧಿಸಿದವರು ವ್ಯಾಪಾರವನ್ನು ಕೀಳೆಂದು ಬಗೆದಿದ್ದಿರಬೇಕೆಂದು ಕೆಲವರು ಊಹಿಸುವುದುಂಟು. ಆ ಊಹೆ ಸರಿಯಲ್ಲ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಕದಿರ ರೆಮ್ಮವ್ವೆ ಮುಂತಾದವರ ಹೆಸರುಗಳ ಮುಂದೆ ಅವರವರ ಕಾಯಕದ ಹೆಸರೇ ನಿಂತಿದೆ. ರಾಘವಾಂಕನ ‘ಸೋಮನಾಥ ಚಾರಿತ್ರ’ದ ನಾಯಕನಾದ ಆದಯ್ಯನವರು ಸೌರಾಷ್ಟ್ರದಿಂದ ವ್ಯಾಪಾರಕ್ಕಾಗಿಯೇ ಪುಲಿಗೆರೆಗೆ, ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ, ಬಂದ ವಣಿಕರು. ಬುಟ್ಟಿಯನ್ನು ಹೆಣೆದವನು ಅದನ್ನು ಮಾರಲೇಬೇಕು. ನೂಲನ್ನು ತೆಗೆದವಳು ಅದಕ್ಕೆ ಬೆಲೆಯನ್ನು ಪಡೆಯಲೇಬೇಕು. ದುಡಿಯದೆ ಉಣ್ಣುವುದನ್ನು ಶರಣರು ಒಪ್ಪಲಿಲ್ಲವಾದುದರಿಂದ, ದುಡಿದು ಪಡೆಯುವುದನ್ನು ಅವರು ಒಪ್ಪಿದರೆಂದೇ ಅರ್ಥ.

ಅವರು ಒಪ್ಪದೆ ಇದ್ದುದು ಗುರಿಯಿಲ್ಲದ ಗಳಿಕೆಯನ್ನು. ಹದಿನೈದನೆಯ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆಯಲ್ಲಿ ಆಯ್ದಕ್ಕಿ ಮಾರಯ್ಯ, ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ ಈ ಮೂವರು ಕಾಯಕಜೀವಿಗಳ ಪ್ರಸಂಗಗಳಿಗೂ ಸ್ಥಾನವಿದೆ. ಮೂವರೂ ಬಡವರು. ಪರಂಪರೆಯು ಹೇಳುವ ಅವರ ಕಥೆಗಳಲ್ಲಿ ಮೂವರ ಬಳಿಗೂ ಬೇಡದೆಯೇ ಹೆಚ್ಚಿನ ಸಂಪತ್ತು ಬಂದಿತು. ಮೂವರ ಮನೆಯಲ್ಲಿಯೂ ಅದು ನಿಲ್ಲಲಿಲ್ಲ. ಈ ಮೂರು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಗೃಹಸ್ಥನು ತನ್ನ ಅಂಗಡಿಯನ್ನು ಕುರಿತು ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳು ದೊರೆಯುತ್ತವೆ.

ಮೊದಲನೆಯ ಪ್ರಶ್ನೆ: ಎಷ್ಟು?

ಮಾರಯ್ಯನವರೂ ಲಕ್ಕಮ್ಮನವರೂ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು. ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮ ದಾಸೋಹವನ್ನು ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಾಗ ಕಾಯಕದ ಹೊತ್ತು ಮೀರಿತೆಂದು ಎಚ್ಚರಿಸಿದವರು ಲಕ್ಕಮ್ಮನವರು. ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅದನ್ನು ಕಂಡು ಹಿಗ್ಗದೆ, ಇದು ಯಾರ ಬಯಕೆಯಿಂದ ಬಂದುದೆಂದು ಪ್ರಶ್ನಿಸಿ, ಹೆಚ್ಚಾದುದನ್ನು ತಂದಲ್ಲಿಗೇ ಹಿಂದಿರುಗಿಸುವಂತೆ ಹೇಳಿದವರೂ ಅವರೇ.

ಈ ಕಥೆಯನ್ನು ಬಡತನದ ಹೊಗಳಿಕೆಯೆಂದು ತಿಳಿಯುವುದು ತಪ್ಪು. ಲಕ್ಕಮ್ಮನವರು ಅಕ್ಕಿ ಬೇಡವೆನ್ನಲಿಲ್ಲ. ಕಾಯಕವನ್ನು ಮರೆತಾಗ ಗಂಡನನ್ನು ಎಬ್ಬಿಸಿ ಕಳುಹಿಸಿದವರು ಅವರು. ಅವರಿಗೆ ತಮ್ಮ ಮನೆಯ ಅಳತೆ ಗೊತ್ತಿತ್ತು. ದಾಸೋಹಕ್ಕೆ ಎಷ್ಟು, ತಮ್ಮಿಬ್ಬರ ಪ್ರಸಾದಕ್ಕೆ ಎಷ್ಟು ಎಂಬ ಲೆಕ್ಕವಿದ್ದುದರಿಂದಲೇ ಹೆಚ್ಚಾದುದು ಅವರ ಕಣ್ಣಿಗೆ ಬಿದ್ದಿತು. ಅಳತೆಯಿಲ್ಲದ ಮನೆಯಲ್ಲಿ ಹೆಚ್ಚು ಬಂದುದೂ ಗೊತ್ತಾಗುವುದಿಲ್ಲ, ಕಡಿಮೆ ಬಂದುದೂ ಗೊತ್ತಾಗುವುದಿಲ್ಲ. ಅಲ್ಲಿ ‘ಇನ್ನೂ ಬೇಕು’ ಎಂಬುದೊಂದೇ ಗೊತ್ತಿರುತ್ತದೆ.

ಆದುದರಿಂದ ಅಂಗಡಿಯುಳ್ಳ ಗೃಹಸ್ಥನ ಮೊದಲನೆಯ ಕರ್ತವ್ಯವು ತನ್ನ ಮನೆಯ ಅಳತೆಯನ್ನು ಅರಿಯುವುದು. ತಿಂಗಳ ಊಟ-ಉಡುಗೆ, ಮಕ್ಕಳ ವಿದ್ಯೆ, ಹಿರಿಯರ ಔಷಧ, ಆಪತ್ತಿಗೆ ತೆಗೆದಿಡತಕ್ಕ ಹಣ, ದಾಸೋಹ, ಇವುಗಳನ್ನು ಅಂಕಿಗಳಲ್ಲಿ ಬರೆದರೆ ಒಂದು ಮೊತ್ತ ದೊರೆಯುತ್ತದೆ. ಗಳಿಕೆಯು ಆ ಮೊತ್ತಕ್ಕಿಂತ ಕಡಿಮೆಯಿದ್ದರೆ ಹೆಚ್ಚಿಗೆ ದುಡಿಯಲು ಯತ್ನಿಸುವುದು ಆಸೆಯಲ್ಲ, ಕಾಯಕದ ಧರ್ಮವೇ ಅಹುದು. ಆ ಮೊತ್ತವನ್ನು ಮುಟ್ಟಿದ ಮೇಲೆಯೂ ಮನಸ್ಸು ಓಡುತ್ತಿದ್ದರೆ, ಅದು ಎಲ್ಲಿಗೆ ಓಡುತ್ತಿದೆ ಎಂದು ನಿಲ್ಲಿಸಿ ಕೇಳಬೇಕಾಗುತ್ತದೆ.

ಈಗಿನ ದಿನಗಳಲ್ಲಿ ಈ ಅಳತೆ ಇನ್ನೂ ಕಠಿಣವಾಗಿದೆ. ಹಿಂದೆ ಗಲ್ಲಾಪೆಟ್ಟಿಗೆಯ ಹಣ ಗಲ್ಲಾಪೆಟ್ಟಿಗೆಯಲ್ಲಿಯೂ ಮನೆಯ ಹಣ ಮನೆಯ ತಿಜೋರಿಯಲ್ಲಿಯೂ ಇರುತ್ತಿತ್ತು. ಇಂದು ಗಿರಾಕಿಯು ಫೋನಿನಿಂದ ಕಳುಹಿಸಿದ ಹಣವು ನೇರವಾಗಿ ವ್ಯಾಪಾರಿಯ ಖಾತೆಗೆ ಬೀಳುತ್ತದೆ. ಅದೇ ಖಾತೆಯಿಂದ ಮಗನ ಶುಲ್ಕವೂ ಮದುವೆಯ ಆಹೇರಿಯೂ ಹೋಗುತ್ತವೆ. ಸರಕಿನ ಹಣವನ್ನು ಸ್ವಂತದ್ದೆಂದು ಭ್ರಮಿಸುವುದಕ್ಕೆ ಇದಕ್ಕಿಂತ ಸುಲಭವಾದ ದಾರಿ ಮತ್ತೊಂದಿಲ್ಲ. ಅಂಗಡಿಗೊಂದು, ಮನೆಗೊಂದು ಎಂದು ಎರಡು ಖಾತೆಗಳನ್ನಿಟ್ಟು, ಗೊತ್ತಾದ ದಿನ ಗೊತ್ತಾದ ಮೊತ್ತವನ್ನು ಮಾತ್ರ ಮನೆಯ ಖಾತೆಗೆ ತೆಗೆದುಕೊಳ್ಳುವ ಗೃಹಸ್ಥನು ಲಕ್ಕಮ್ಮನವರ ಅಳತೆಯನ್ನು ಇಂದಿನ ರೀತಿಯಲ್ಲಿ ಪಾಲಿಸಿದಂತಾಯಿತು.

ಎರಡನೆಯ ಪ್ರಶ್ನೆ: ಹೇಗೆ?

ಶಿವಣಿಗೆಯ ಚಂದಯ್ಯನವರು ಹುಲ್ಲನ್ನು ಕೊಯ್ದು ತಂದು, ಹೊಸೆದು, ಹಗ್ಗ ಮಾಡಿ ಮಾರಿ, ಬಂದುದರಿಂದ ದಾಸೋಹ ನಡೆಸುತ್ತಿದ್ದರು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ಬಿದ್ದರೂ ಅವರು ಕಾಯಕವನ್ನು ನಿಲ್ಲಿಸಲಿಲ್ಲವೆಂದೂ, ಮಡಿವಾಳ ಮಾಚಯ್ಯನವರು ನಡುವೆ ಬಂದು ಸಮಾಧಾನ ಮಾಡಿದರೆಂದೂ ಕಥೆಯಿದೆ. ಲಿಂಗವೇ ಹಗ್ಗವನ್ನು ಮಾರಲು ಹೊರಟಾಗ ಬಸವಣ್ಣನವರು ಅದಕ್ಕೆ ತಕ್ಕ ಬೆಲೆಯನ್ನು ಮೀರಿ ಹೊನ್ನನ್ನು ಕೊಟ್ಟರಂತೆ. ಚಂದಯ್ಯನವರು ಆ ಹೆಚ್ಚಿನ ಹೊನ್ನನ್ನು ಒಪ್ಪಲಿಲ್ಲ. ಹಗ್ಗಕ್ಕೆ ಹಗ್ಗದ ಬೆಲೆ. ಮಾರುವವನು ದೇವರಾದರೂ ಕೊಳ್ಳುವವನು ಭಂಡಾರಿಯಾದರೂ ಬೆಲೆ ಬದಲಾಗಕೂಡದು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಹೆಚ್ಚಿನ ಹಣವನ್ನು ಕೊಟ್ಟವರು ಮೋಸಹೋದವರಲ್ಲ, ಸಂತೋಷದಿಂದಲೇ ಕೊಟ್ಟವರು. ಆದರೂ ಚಂದಯ್ಯನವರು ಅದನ್ನು ಶುದ್ಧವೆಂದು ಬಗೆಯಲಿಲ್ಲ, ಏಕೆಂದರೆ ಅದು ತಮ್ಮ ದುಡಿಮೆಗೆ ಬಂದ ಫಲವಲ್ಲ. ಸತ್ಯಶುದ್ಧ ಕಾಯಕವೆಂದರೆ ಕಳವು-ಸುಳ್ಳುಗಳಿಲ್ಲದ ಕೆಲಸವೆಂದಷ್ಟೇ ಅರ್ಥವಲ್ಲ. ಪಡೆದುದಕ್ಕೂ ಕೊಟ್ಟುದಕ್ಕೂ ಸಮತೂಕವಿರುವುದು ಅದರ ಪೂರ್ಣಾರ್ಥ.

ತೂಕದಲ್ಲಿ ಕಡಿಮೆ ಮಾಡುವವನು ತಪ್ಪಿತಸ್ಥನೆಂಬುದು ಎಲ್ಲರಿಗೂ ತಿಳಿದಿದೆ. ಆದರೆ ಅಂಗಡಿಯೊಳಗೆ ಇನ್ನೊಂದು ತಕ್ಕಡಿಯುಂಟು. ಅದರಲ್ಲಿ ತೂಗುವುದು ಆಳಿನ ದುಡಿಮೆಯನ್ನು. ಗಿರಾಕಿಗೆ ಸರಿಯಾಗಿ ತೂಗಿ, ಹಬ್ಬದ ದಿನ ಧರ್ಮಕಾರ್ಯಕ್ಕೆ ಕೈಬಿಚ್ಚಿ ಕೊಟ್ಟು, ವರ್ಷಗಳಿಂದ ಜೊತೆಗೆ ದುಡಿದವನಿಗೆ ಸಂಬಳ ಹೆಚ್ಚಿಸುವಾಗ ಮಾತ್ರ ಕೈ ಹಿಡಿಯುವ ವ್ಯಾಪಾರಿಗಳು ಇಲ್ಲದಿಲ್ಲ. ಮಠಕ್ಕೆ ಸಲ್ಲಿಸಿದ ಕಾಣಿಕೆಯಾಗಲಿ, ಜಾತ್ರೆಯಲ್ಲಿ ನಡೆಸಿದ ಅನ್ನಸಂತರ್ಪಣೆಯಾಗಲಿ ಆ ಕೊರತೆಯನ್ನು ತುಂಬಲಾರದು. ಆಳಿನ ಪಾಲು ದಾಸೋಹವಲ್ಲ, ಋಣ. ಋಣವನ್ನು ತೀರಿಸಿದ ಮೇಲೆ ಉಳಿದುದರಲ್ಲಿ ಮಾತ್ರ ದಾಸೋಹವೆಂಬ ಮಾತಿಗೆ ಅರ್ಥವಿದೆ.

ಇದೇ ತಕ್ಕಡಿಯಲ್ಲಿ ತನ್ನ ದುಡಿಮೆಯನ್ನೂ ತನ್ನ ಮನೆಯವರ ದುಡಿಮೆಯನ್ನೂ ಇಡತಕ್ಕದ್ದು. ಅಂಗಡಿಯಲ್ಲಿ ಉಳಿದುದನ್ನೆಲ್ಲ ಲಾಭವೆಂದು ಕರೆಯುವುದು ವಾಡಿಕೆ. ಆ ಉಳಿಕೆಯಲ್ಲಿ ಒಡೆಯನ ಕೂಲಿಯೆಷ್ಟು, ಮಧ್ಯಾಹ್ನ ಬಂದು ಕುಳಿತ ಮನೆಯಾಕೆಯ ಕೂಲಿಯೆಷ್ಟು, ಸರಕಿನಲ್ಲಿ ತೊಡಗಿಸಿದ ಹಣಕ್ಕೆ ಬರಬಹುದಾಗಿದ್ದ ಬಡ್ಡಿಯೆಷ್ಟು ಎಂದು ಬಿಡಿಸಿ ನೋಡುವವರು ಕಡಿಮೆ. ಬಿಡಿಸದೆ ಹೋದರೆ ಕೂಲಿಯನ್ನೇ ಲಾಭವೆಂದು ಎಣಿಸಿ, ಇಲ್ಲದ ಲಾಭದ ಬಲದಿಂದ ಹೊಸ ಸಾಹಸಕ್ಕೆ ಕೈಹಾಕುವ ಅಪಾಯವಿದೆ.

ಮೂರನೆಯ ಪ್ರಶ್ನೆ: ಯಾರಿಗಾಗಿ?

ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಪತ್ನಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದರೆಂದು ಪರಂಪರೆಯು ಹೇಳುತ್ತದೆ. ಅಲ್ಲಿ ಅವರು ಕೈಗೊಂಡುದು ಕಾಡಿನಿಂದ ಕಟ್ಟಿಗೆಯ ಹೊರೆಯನ್ನು ತಂದು ಮಾರುವ ಕಾಯಕ. ಅವರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಬಸವಣ್ಣನವರು ಗುರುತು ಸಿಗದಂತೆ ಬಂದು, ಅಂಬಲಿಯ ಪ್ರಸಾದವನ್ನು ಸ್ವೀಕರಿಸಿ, ಮನೆಯ ಬಡತನವನ್ನು ಕಂಡು ಮರುಗಿ, ಹೊನ್ನನ್ನು ಇಟ್ಟುಹೋದರಂತೆ. ಹಿಂದಿರುಗಿ ಬಂದ ಮಾರಯ್ಯನವರು ಅದನ್ನು ಮುಟ್ಟಿ ತಮ್ಮದನ್ನಾಗಿ ಮಾಡಿಕೊಳ್ಳದೆ ಜಂಗಮರಿಗೆ ಒಪ್ಪಿಸಿಬಿಟ್ಟರು.

ರಾಜ್ಯವನ್ನು ಬಿಟ್ಟು ಬಂದವರಿಗೆ ಹೊನ್ನು ಹೊಸದಲ್ಲ. ಹೊನ್ನು ತಾನೊಂದೇ ಬರುವುದಿಲ್ಲ, ತನ್ನದೇ ಆದ ಗುರಿಯೊಂದನ್ನು ಕೂಡ ಕರೆತರುತ್ತದೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಕಟ್ಟಿಗೆಯ ಹೊರೆಗೆ ಒಂದು ಗುರಿಯಿತ್ತು: ಅಂದಿನ ದಾಸೋಹ. ಗದ್ದುಗೆಯಲ್ಲಿ ಹೊನ್ನಿದ್ದ ಪಕ್ಷಕ್ಕೆ ನಾಳೆ ಅದನ್ನು ಕಾಯಬೇಕು, ನಾಡಿದ್ದು ಅದನ್ನು ಬೆಳೆಸಬೇಕು. ಆಗ ಮನುಷ್ಯನು ಯಾರಿಗಾಗಿ ದುಡಿಯುತ್ತಿದ್ದನೋ ಅವರು ಮರೆತುಹೋಗುತ್ತಾರೆ.

ಇಂದಿನ ಸಣ್ಣ ವ್ಯಾಪಾರಿಯ ಬಾಗಿಲಿಗೆ ಹೊನ್ನು ಸಾಲದ ರೂಪದಲ್ಲಿ ಬರುತ್ತದೆ. 2015ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಮುದ್ರಾ ಯೋಜನೆಯಲ್ಲಿ ‘ಶಿಶು’ ಎಂಬ ಹಂತದಲ್ಲಿ 50,000 ರೂಪಾಯಿಗಳವರೆಗೆ, ‘ಕಿಶೋರ’ದಲ್ಲಿ 5 ಲಕ್ಷದವರೆಗೆ, ‘ತರುಣ’ದಲ್ಲಿ 10 ಲಕ್ಷದವರೆಗೆ ಅಡವಿಲ್ಲದ ಸಾಲಕ್ಕೆ ಅವಕಾಶವಿದೆ. ಬಂಡವಾಳವಿಲ್ಲದೆ ಕೈಕಟ್ಟಿ ಕುಳಿತವನಿಗೆ ಇಂತಹ ಸಾಲವು ಕಾಯಕಕ್ಕೆ ಒದಗಿದ ಊರುಗೋಲು; ಹೊಲಿಗೆಯ ಯಂತ್ರವನ್ನು ಕೊಂಡು ಸಂಸಾರವನ್ನು ನಿಲ್ಲಿಸಿಕೊಂಡ ವಿಧವೆಯ ಪಾಲಿಗೆ ಅದು ವರವೇ. ಆದರೆ ಗುರಿಯು ಮೊದಲು ಹುಟ್ಟಿ ಅದಕ್ಕಾಗಿ ಸಾಲವನ್ನು ಹುಡುಕುವುದು ಒಂದು. ಸಾಲವು ಸಿಗುವುದೆಂದು ಗುರಿಯನ್ನು ಹುಡುಕುವುದು ಇನ್ನೊಂದು. ಮೊದಲನೆಯದರಲ್ಲಿ ಹಣವು ಆಳು, ಎರಡನೆಯದರಲ್ಲಿ ಹಣವೇ ಒಡೆಯ.

ನಿದರ್ಶನದ ಮನೆಗೆ ಮರಳಿ

ಈ ಮೂರು ಪ್ರಶ್ನೆಗಳ ಬೆಳಕಿನಲ್ಲಿ ಆ ದಂಪತಿಗಳು ಒಂದು ಸಂಜೆ ಕಿರ್ದಿಯನ್ನು ಮುಂದಿಟ್ಟುಕೊಂಡು ಲೆಕ್ಕಕ್ಕೆ ಕುಳಿತರೆಂದು ಇಟ್ಟುಕೊಳ್ಳಬಹುದು. ತಿಂಗಳ ಮಾರಾಟ 6,00,000 ರೂಪಾಯಿ. ನೂರಕ್ಕೆ ಹತ್ತರಂತೆ ದೊರೆಯುವುದು 60,000. ಅದರಲ್ಲಿ ಬಾಡಿಗೆ 8,000, ಆಳಿನ ಸಂಬಳ 15,000, ವಿದ್ಯುತ್ತು, ಸಾಗಣೆ, ಕೆಟ್ಟುಹೋದ ಸರಕು ಸೇರಿ 7,000. ಉಳಿದುದು 30,000. ಇದನ್ನೇ ಇಷ್ಟು ವರ್ಷ ಅವನು ಲಾಭವೆಂದು ಕರೆಯುತ್ತಿದ್ದನು.

ಬೇರೊಬ್ಬರ ಅಂಗಡಿಯಲ್ಲಿ ಇದೇ ದುಡಿಮೆಯನ್ನು ಮಾಡಿದ್ದರೆ ಅವನಿಗೆ 20,000, ನಾಲ್ಕು ತಾಸಿಗೆ ಮನೆಯಾಕೆಗೆ 7,000 ದೊರೆಯುತ್ತಿತ್ತೆಂದು ಎಣಿಸಲಿ. ಅಂಗಡಿಯಲ್ಲಿರುವ ಸರಕು 8 ಲಕ್ಷದ್ದು; ನೂರಕ್ಕೆ ಆರರ ಬಡ್ಡಿಯಂತೆ ತಿಂಗಳಿಗೆ 4,000. ಒಟ್ಟು 31,000. ಎಂದರೆ ಈ ಅಂಗಡಿಯಲ್ಲಿ ನಿಜವಾದ ಲಾಭವೆಂಬುದಿಲ್ಲ, ಬದಲಿಗೆ 1,000 ರೂಪಾಯಿ ಕೊರತೆಯಿದೆ. ಅವರು ಪಡೆಯುತ್ತಿರುವುದು ಕೂಲಿ ಮಾತ್ರ.

ಈ ಲೆಕ್ಕವನ್ನು ಕಂಡು ಅಂಗಡಿಯನ್ನು ಮುಚ್ಚಬೇಕೆಂದು ಯಾರೂ ಹೇಳುವುದಿಲ್ಲ. ಏಕೆಂದರೆ ಅಂಗಡಿಯು ಕೂಲಿಯೊಡನೆ ಮತ್ತೂ ಕೆಲವನ್ನು ಕೊಡುತ್ತಿದೆ. ಸ್ವಂತ ಊರು, ಮನೆಗೆ ಕೂಗಳತೆಯ ದೂರ, ಇನ್ನೊಬ್ಬರ ಅಪ್ಪಣೆಗೆ ಕಾಯದ ಬಾಳು, ತಂದೆಯ ಕಾಲದಿಂದ ನಡೆದುಬಂದ ಸರಿತೂಕದ ಹೆಸರು. ಇವುಗಳಿಗೆ ಕಿರ್ದಿಯಲ್ಲಿ ಅಂಕಣವಿಲ್ಲ. ಆದರೆ ಅವನು ಇಷ್ಟು ವರ್ಷ ಅಲ್ಲಿ ಕುಳಿತುದು ಇವುಗಳಿಗಾಗಿಯೇ ಎಂಬುದು ಲೆಕ್ಕ ಬಿಡಿಸಿದ ಮೇಲೆ ಅವನಿಗೇ ಸ್ಪಷ್ಟವಾಗುತ್ತದೆ.

ಅನಂತರ ಎರಡನೆಯ ಅಂಗಡಿ. ಅಲ್ಲಿ ತಿಂಗಳಿಗೆ 4,50,000 ರೂಪಾಯಿ ಮಾರಾಟವಾದರೂ ದೊರೆಯುವುದು 45,000. ಬಸ್‌ನಿಲ್ದಾಣದ ಬಳಿಯ ಬಾಡಿಗೆ 12,000, ಹೊಸ ಆಳಿಗೆ 15,000, ಇತರ ವೆಚ್ಚ 5,000 ಕಳೆದರೆ 13,000 ಉಳಿಯುತ್ತದೆ. ಹತ್ತು ಲಕ್ಷದ ಸಾಲಕ್ಕೆ ನೂರಕ್ಕೆ ಹನ್ನೆರಡರ ಬಡ್ಡಿಯಾದರೆ, ಏಳು ವರ್ಷಗಳಲ್ಲಿ ತೀರಿಸಲು ತಿಂಗಳ ಕಂತು ಸುಮಾರು 17,650. ಪ್ರತಿ ತಿಂಗಳೂ 4,650 ರೂಪಾಯಿಯನ್ನು ಹಳೆಯ ಅಂಗಡಿಯಿಂದ ತುಂಬಿಕೊಡಬೇಕು. ಮನೆಯ ಖರ್ಚು 26,000 ಹೋಗಿ ಉಳಿತಾಯಕ್ಕೂ ದಾಸೋಹಕ್ಕೂ ಇದ್ದುದು 4,000 ಮಾತ್ರ. ಅದು ಪೂರ್ತಿಯಾಗಿ ಹೋಗಿ, ಮನೆಯ ಖರ್ಚಿನಲ್ಲಿಯೂ 650 ರೂಪಾಯಿ ಕಡಿತವಾಗಬೇಕು. ಇಂತಹ ಏಳು ವರ್ಷಗಳು ಕಳೆಯುವ ಹೊತ್ತಿಗೆ ಅವನಿಗೆ 55 ತುಂಬಿರುತ್ತದೆ.

ಇಷ್ಟಾದರೂ ಗೃಹಸ್ಥನು, “ಮಗನಿಗಾಗಿಯಾದರೂ ಆಗಲಿ” ಎನ್ನುತ್ತಾನೆ. ಆಗ ಮಗನನ್ನೇ ಕರೆದು ಕೇಳುವುದು ಉಚಿತ. ಮಗನು ತಲೆತಗ್ಗಿಸಿ, “ಅಪ್ಪಾ, ನನಗೆ ಶಿಕ್ಷಕನಾಗಬೇಕೆಂದಿದೆ. ನೀವು ನೊಂದುಕೊಳ್ಳುವಿರೆಂದು ಹೇಳಿರಲಿಲ್ಲ” ಎನ್ನುತ್ತಾನೆ. ಮಗನಿಗಾಗಿ ಎಂದು ಕಟ್ಟಹೊರಟ ಅಂಗಡಿ ಮಗನಿಗೆ ಬೇಡವಾಗಿತ್ತು. ತಂದೆಯು ಒಂದು ಗಳಿಗೆ ಮೌನವಾಗಿರುತ್ತಾನೆ. ನೋವಾಗದೆ ಇರುವುದಿಲ್ಲ, ತಂದೆಯಿಂದ ಬಂದ ಗಾದಿಯು ತನ್ನ ತರುವಾಯ ಬರಿದಾಗುವುದೆಂಬುದು ಸಣ್ಣ ಮಾತಲ್ಲ. ಆದರೆ ಏಳು ವರ್ಷದ ಸಾಲವನ್ನು ಹೊತ್ತ ಮೇಲೆ ಈ ಮಾತು ಕಿವಿಗೆ ಬಿದ್ದಿದ್ದರೆ ಆ ನೋವು ಎಷ್ಟಾಗುತ್ತಿತ್ತು!

ಕೊನೆಗೆ ಅವರು ಒಂದು ಹಾಳೆಯಲ್ಲಿ ತಮಗೆ ಬೇಕಾದುದನ್ನು ಬರೆಯುತ್ತಾರೆ. ಮನೆಯ ಅಳತೆಗೆ ಸಾಲುವ ಗಳಿಕೆ, ಸಂಜೆಯ ಲಿಂಗಪೂಜೆಗೂ ಒಟ್ಟಿಗೆ ಕುಳಿತು ಉಣ್ಣುವುದಕ್ಕೂ ಬಿಡುವು, ಮಗನ ತಲೆಯ ಮೇಲೆ ಸಾಲವಿಲ್ಲದಿರುವುದು, ಸರಿತೂಕದ ಹೆಸರು, ಕೈಲಾದಷ್ಟು ದಾಸೋಹ. ಎರಡನೆಯ ಅಂಗಡಿಯು ಈ ಪಟ್ಟಿಯಲ್ಲಿರುವ ಯಾವುದನ್ನೂ ಹೆಚ್ಚಿಸುವುದಿಲ್ಲ, ಹಲವನ್ನು ಕಿತ್ತುಕೊಳ್ಳುತ್ತದೆ. ಅದು ಕೊಡುವುದು ಪಟ್ಟಿಯಲ್ಲಿಲ್ಲದ ಒಂದನ್ನು: ಎದುರು ಸಾಲಿನವನಿಗೆ ಸಮನಾದೆನೆಂಬ ಪೇಟೆಯ ಮಾತನ್ನು. “ಈ ಅಂಗಡಿ ಬೇಕಾದುದು ಯಾರಿಗೆ?” ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ದೊರೆಯಿತು.

ಅವರು ಮಾಡತಕ್ಕ ಕೆಲಸವು ಬೇರೆಯೇ ಇತ್ತು. ತಿಂಗಳಾನುಗಟ್ಟಲೆ ಮಾರಾಟವಾಗದೆ ಕುಳಿತ ಸರಕನ್ನು ತರಿಸುವುದನ್ನು ನಿಲ್ಲಿಸಿ, 8 ಲಕ್ಷದ ದಾಸ್ತಾನನ್ನು 6 ಲಕ್ಷಕ್ಕೆ ಇಳಿಸಿದರೆ 2 ಲಕ್ಷ ರೂಪಾಯಿ ಸಾಲವಿಲ್ಲದೆಯೇ ಕೈಗೆ ಬರುತ್ತದೆ. ರಾತ್ರಿ ಎಂಟೂವರೆಯ ನಂತರ ಬರುವ ಗಿರಾಕಿಗಳು ಎಷ್ಟೆಂದು ಒಂದು ತಿಂಗಳು ಬರೆದಿಟ್ಟರೆ, ಬಾಗಿಲನ್ನು ಯಾವಾಗ ಮುಚ್ಚಬೇಕೆಂಬುದು ತಿಳಿಯುತ್ತದೆ. ಮಗನಿಲ್ಲದಿದ್ದರೂ, ಹನ್ನೊಂದು ವರ್ಷ ಜೊತೆಗೆ ದುಡಿದ ಆಳಿಗೆ ವ್ಯವಹಾರವನ್ನು ಕಲಿಸಿ, ಮುಂದೊಂದು ದಿನ ಪಾಲುಗಾರನನ್ನಾಗಿ ಮಾಡಿಕೊಳ್ಳುವ ದಾರಿಯೂ ಇದೆ. ಗಾದಿಯು ರಕ್ತಸಂಬಂಧಕ್ಕೇ ಸಲ್ಲಬೇಕೆಂಬ ನಿಯಮವನ್ನು ಶರಣರು ಮಾಡಲಿಲ್ಲ.

ಬೆಳೆಯುವುದು ತಪ್ಪೇ?

ಹಾಗಾದರೆ ಭಕ್ತನಾದವನು ವ್ಯಾಪಾರವನ್ನು ಬೆಳೆಸಲೇಕೂಡದೇ ಎಂಬ ಸಂದೇಹ ಬರಬಹುದು. ಹಾಗಲ್ಲ. ಮೇಲಿನ ಗೃಹಸ್ಥನಿಗೆ ಎರಡನೆಯ ಅಂಗಡಿ ಬೇಡವಾಯಿತೆಂದರೆ ಎಲ್ಲರಿಗೂ ಬೇಡವೆಂದಲ್ಲ. ಮೂವರು ತಮ್ಮಂದಿರಿಗೂ ಕೆಲಸ ಒದಗಿಸಬೇಕಾದ ಮನೆಗೆ ಅದೇ ಮಳಿಗೆಯು ಸರಿಯಾದ ಉತ್ತರವಾಗಿರಬಹುದು. ಬೆಳೆಯುವುದು ತಪ್ಪಲ್ಲ, ಯಾವುದಕ್ಕಾಗಿ ಎಂದು ತಿಳಿಯದೆ ಬೆಳೆಯುವುದು ತಪ್ಪು.

ಗುರಿಯನ್ನರಿತು ನಡೆಸಿದ ಉದ್ಯಮಕ್ಕೆ ವಚನಪಿತಾಮಹ ಫ. ಗು. ಹಳಕಟ್ಟಿಯವರ ಬಾಳೇ ಸಾಕ್ಷಿ. ವಿಜಾಪುರದಲ್ಲಿ ವಕೀಲರಾಗಿದ್ದ ಅವರು 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಗೆ ಕಾರಣರಾದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಹೊರತಂದರು. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ವಚನಗಳ ಪ್ರಕಟಣೆಗಾಗಿ ಸ್ವಂತ ಮನೆಯನ್ನೂ ಮಾರಿದರು. ಲಾಭವೊಂದೇ ಅಳತೆಗೋಲಾದರೆ ಆ ಮುದ್ರಣಾಲಯವನ್ನು ನಷ್ಟದ ಉದ್ಯಮವೆನ್ನಬೇಕಾದೀತು. ಆದರೆ ತಾಡವೋಲೆಗಳಲ್ಲಿ ಹುದುಗಿದ್ದ ವಚನಗಳು ಜನರ ಕೈಸೇರಬೇಕೆಂಬುದೇ ಆ ಉದ್ಯಮದಿಂದ ಅವರಿಗೆ ಬೇಕಾದುದು. 1964ರಲ್ಲಿ ಅವರು ಲಿಂಗೈಕ್ಯರಾಗುವ ಹೊತ್ತಿಗೆ ಅದು ಕೈಗೂಡಿತ್ತು. ಬ್ಯಾಂಕಿಗೆ ಒಂದು ಗುರಿ, ಮುದ್ರಣಾಲಯಕ್ಕೆ ಇನ್ನೊಂದು ಗುರಿ; ಎರಡನ್ನೂ ಒಂದೇ ಕೋಲಿನಿಂದ ಅಳೆಯಲಾಗದು. ಗೃಹಸ್ಥನು ಅನುಕರಿಸಬೇಕಾದುದು ಅವರು ಮನೆಯನ್ನು ಮಾರಿದುದನ್ನಲ್ಲ, ಏತಕ್ಕಾಗಿ ದುಡಿಯುತ್ತಿರುವೆನೆಂಬುದನ್ನು ಅವರು ಕೊನೆಯವರೆಗೂ ಮರೆಯದೆ ಇದ್ದುದನ್ನು.

ಆಚರಣೆ

ಉತ್ತರ ಕರ್ನಾಟಕದ ಪೇಟೆಗಳಲ್ಲಿ ದೀಪಾವಳಿಯಂದು ಅಂಗಡಿಯ ಪೂಜೆ ಮಾಡಿ ಹೊಸ ಖಾತೆಪುಸ್ತಕವನ್ನು ತೆರೆಯುವ ಸಂಪ್ರದಾಯವು ಬಹುಕಾಲದಿಂದ ಬಂದಿದೆ. ಲೆಕ್ಕವೆಲ್ಲ ಯಂತ್ರಕ್ಕೆ ಸೇರಿದ ಈ ಕಾಲದಲ್ಲಿಯೂ ಪೂಜೆಗೆಂದು ಒಂದು ಪುಸ್ತಕವನ್ನು ತರುವ ವ್ಯಾಪಾರಿಗಳಿದ್ದಾರೆ. ಆ ಪುಸ್ತಕದ ಮೊದಲ ಹಾಳೆಯಲ್ಲಿ, ಅಂಕಿಗಳನ್ನು ಬರೆಯುವ ಮೊದಲು, ಈ ವರ್ಷ ಅಂಗಡಿಯಿಂದ ಮನೆಗೆ ಬೇಕಾದುದೇನೆಂದು ನಾಲ್ಕು ಸಾಲು ಬರೆದರೆ ಪೂಜೆಯು ಸಾರ್ಥಕವಾಗುತ್ತದೆ. ಮರುವರ್ಷ ಅದೇ ದಿನ ಆ ಹಾಳೆಯನ್ನು ತೆಗೆದು ಓದತಕ್ಕದ್ದು. ಬರೆದುದು ಬದಲಾಗಿದ್ದರೆ ನಾಚಬೇಕಾದುದಿಲ್ಲ, ಮನೆಯು ಬೆಳೆದಂತೆ ಅಳತೆಯೂ ಬೆಳೆಯುತ್ತದೆ. ಬರೆದವನು ಗಂಡನೊಬ್ಬನೇ ಆಗಿರಕೂಡದು ಎಂಬುದು ಮಾತ್ರ ಲಕ್ಕಮ್ಮನವರ ಕಥೆಯನ್ನು ಬಲ್ಲ ಮನೆಗಳು ಮರೆಯಬಾರದ ನಿಯಮ.

ಮನನಕ್ಕೆ ಪ್ರಶ್ನೆಗಳು

1. ತಿಂಗಳಿಗೆ ಎಷ್ಟು ಬಂದರೆ ಮನೆಗೆ ಸಾಕು? ಆ ಅಂಕಿಯನ್ನು ಮನೆಯವರೆಲ್ಲರೂ ಬಲ್ಲರೇ?

2. ಲಾಭವೆಂದು ಕರೆಯುವ ಹಣದಲ್ಲಿ ಸ್ವಂತ ಕೂಲಿ, ಮನೆಯವರ ಕೂಲಿ, ಬಂಡವಾಳದ ಬಡ್ಡಿ ಎಷ್ಟೆಷ್ಟು?

3. ಜೊತೆಗೆ ದುಡಿಯುವವರಿಗೆ ಸಲ್ಲಬೇಕಾದುದು ದಾಸೋಹಕ್ಕಿಂತ ಮೊದಲು ಸಂದಿದೆಯೇ?

4. ಅಂಗಡಿಯನ್ನು ದೊಡ್ಡದು ಮಾಡಬೇಕೆಂಬ ಬಯಕೆಯು ಮನೆಯ ಅಳತೆಯಿಂದ ಹುಟ್ಟಿದುದೋ, ಎದುರಿನ ಅಂಗಡಿಯನ್ನು ನೋಡಿ ಹುಟ್ಟಿದುದೋ?

5. ಯಾರಿಗಾಗಿ ದುಡಿಯುತ್ತಿರುವೆವೆಂದು ನಂಬಿರುವೆವೋ ಅವರನ್ನು ಎಂದಾದರೂ ಕೇಳಿದ್ದುಂಟೇ?

ಈ ಪ್ರಶ್ನೆಗಳಿಗೆ ಒಂದೇ ದಿನದಲ್ಲಿ ಉತ್ತರ ದೊರೆಯಲಾರದು. ಮಾರಯ್ಯನವರಂತಹ ಶರಣರೂ ಒಮ್ಮೆ ಹೆಚ್ಚಿನ ಅಕ್ಕಿಯನ್ನು ಹೊತ್ತು ಮನೆಗೆ ಬಂದವರೇ. ಅದನ್ನು ಅಳೆದು ನೋಡುವವರೊಬ್ಬರು ಮನೆಯಲ್ಲಿದ್ದುದು, ಅವರ ಮಾತಿಗೆ ಕಿವಿಗೊಟ್ಟು ಮಾರಯ್ಯನವರು ಹಿಂದಿರುಗಿ ನಡೆದುದು, ಇವೆರಡೇ ಅವರ ಕಾಯಕವನ್ನು ಉಳಿಸಿದವು.